ಎಂಎಸ್‌ನಲ್ಲಿ ಸಕ್ರಿಯ ಲೀಷನ್‌ಗಳ ಪತ್ತೆ: ಎಂಆರ್‌ಐ ಬಳಕೆಯ ಸಮಗ್ರ ಮಾರ್ಗದರ್ಶಿ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗ ಇರುವವರ ಮಿದುಳಿನ ಎಂಆರ್‌ಐ ತೆಗೆದರೆ ಲೀಷನ್ ಎನ್ನುವ ಬಿಳಿ ಕಲೆಗಳು ಕಾಣುವುದು ಸಹಜ. ಕಷ್ಟವಿರುವುದು ಅದರ ಮುಂದಿನ ಪ್ರಶ್ನೆಯಲ್ಲಿ. ಈ ಕಲೆಗಳಲ್ಲಿ ಯಾವುದು ಹಳೆಯದು, ಯಾವುದರಲ್ಲಿ ಉರಿಯೂತ ಈಗಲೂ ನಡೆಯುತ್ತಿದೆ? ಈಗಿನ ಔಷಧವನ್ನು ಮುಂದುವರಿಸಬೇಕೇ, ಬದಲಿಸಬೇಕೇ ಎಂಬ ತೀರ್ಮಾನ ಬಹುಮಟ್ಟಿಗೆ ಈ ಉತ್ತರವನ್ನೇ ಅವಲಂಬಿಸಿರುತ್ತದೆ. ರೋಗಿಗೆ ಹೊಸ ತೊಂದರೆ ಏನೂ ಇಲ್ಲದಿದ್ದಾಗಲೂ ಒಳಗೆ ಹೊಸ ಲೀಷನ್ ಹುಟ್ಟುತ್ತಿರಬಹುದು. ಹೊರಗೆ ಗೊತ್ತಾಗುವ ಮರುಕಳಿಕೆಗಳಿಗಿಂತ ಐದರಿಂದ ಹತ್ತು ಪಟ್ಟು ಹೆಚ್ಚು ಚಟುವಟಿಕೆ ಎಂಆರ್‌ಐಯಲ್ಲಿ ಕಾಣುತ್ತದೆ. ಎಂಎಸ್ ರೋಗಿಗಳ ಮೊದಲ ಎಂಆರ್‌ಐ ಚಿತ್ರಗಳು 1981ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅಲ್ಲಿಂದ ಇಂದಿನವರೆಗೆ ಈ ರೋಗದ ನಿಗಾಕ್ಕೆ ಇದಕ್ಕಿಂತ ಸೂಕ್ಷ್ಮವಾದ ಸಾಧನ ಬಂದಿಲ್ಲ.

ಈ ಬರಹ ರೇಡಿಯಾಲಜಿ ಮತ್ತು ನರರೋಗ ವಿಭಾಗದ ಕಿರಿಯ ವೈದ್ಯರಿಗಾಗಿ, ಸ್ಕ್ಯಾನ್ ಕೊಠಡಿಯ ತಂತ್ರಜ್ಞರಿಗಾಗಿ, ತಮ್ಮ ವರದಿಯಲ್ಲಿ ಏನಿದೆ ಎಂದು ತಿಳಿಯಬಯಸುವ ರೋಗಿಗಳಿಗಾಗಿ. ಇದರುದ್ದಕ್ಕೂ ನಾನು ಹೇಳಬೇಕೆಂದಿರುವುದು ಒಂದೇ: ಚಟುವಟಿಕೆಯ ಪತ್ತೆ ಎಂದರೆ ಹೋಲಿಕೆಯ ಕೆಲಸ. ಹಿಂದಿನ ಚಿತ್ರದೊಡನೆ ಇಂದಿನದು, ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಲೆಂದು ರಕ್ತನಾಳಕ್ಕೆ ಕೊಡುವ ದ್ರವ) ಕೊಡುವ ಮುಂಚಿನದರೊಡನೆ ಕೊಟ್ಟ ನಂತರದ್ದು. ಹೋಲಿಸಲು ಬಾರದಂತೆ ತೆಗೆದ ಸ್ಕ್ಯಾನ್ ಎಷ್ಟು ಸ್ಫುಟವಾಗಿದ್ದರೂ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ.

ಮೊದಲು, ‘ಸಕ್ರಿಯ’ ಎಂದರೆ ಏನು

ಎಂಎಸ್‌ನಲ್ಲಿ ರೋಗನಿರೋಧಕ ಕಣಗಳು ಚಿಕ್ಕ ಅಭಿಧಮನಿಗಳ ಸುತ್ತ ಸೇರಿ ರಕ್ತ–ಮಿದುಳು ತಡೆಗೋಡೆಯನ್ನು ದಾಟುತ್ತವೆ, ನರತಂತುಗಳ ಹೊದಿಕೆಯಾದ ಮಯಲಿನ್ ಅನ್ನು ಹಾಳುಗೆಡಹುತ್ತವೆ. ತಡೆಗೋಡೆ ಸಡಿಲವಾಗಿರುವಾಗ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಕೊಟ್ಟರೆ ಅದು ಆ ಜಾಗದಲ್ಲಿ ಹೊರಕ್ಕೆ ಸೋರುತ್ತದೆ. ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಈ ಹೊಳಪು ಸರಾಸರಿ ಮೂರು ವಾರ ಇರುತ್ತದೆ, ಎರಡು ತಿಂಗಳು ದಾಟುವುದು ಅಪರೂಪ. ಅದು ಆರಿದ ಮೇಲೂ ಟಿ2 ಮತ್ತು ಫ್ಲೇರ್ ಎಂಬ ಇನ್ನೆರಡು ಬಗೆಯ ಚಿತ್ರಗಳಲ್ಲಿ ಕಲೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಹಾಗಾಗಿ ಸಕ್ರಿಯ ಲೀಷನ್ ಎಂದು ಕರೆಯಲು ಎರಡು ದಾರಿಗಳಿವೆ. ಒಂದು, ಗ್ಯಾಡೋಲಿನಿಯಂ ಹೀರಿಕೊಂಡು ಹೊಳೆಯುವ ಲೀಷನ್. ಇದು ಕಳೆದ ಕೆಲವು ವಾರಗಳ ಸುದ್ದಿ. ಇನ್ನೊಂದು, ಹಿಂದಿನ ಸ್ಕ್ಯಾನ್‌ನಲ್ಲಿ ಇಲ್ಲದೆ ಈಗ ಟಿ2ನಲ್ಲಿ ಕಾಣುವ, ಅಥವಾ ಸಂಶಯಕ್ಕೆ ಎಡೆಯಿಲ್ಲದಂತೆ ದೊಡ್ಡದಾಗಿರುವ ಲೀಷನ್. ಇದು ಎರಡು ಸ್ಕ್ಯಾನ್‌ಗಳ ನಡುವಿನ ಇಡೀ ಅವಧಿಯ ಸುದ್ದಿ. ಒಂದು ವರ್ಷದ ಅಂತರದಲ್ಲಿ ಎರಡು ಸ್ಕ್ಯಾನ್ ಆಗಿದ್ದರೆ, ಮಧ್ಯದಲ್ಲಿ ಹುಟ್ಟಿ ಹೊಳಪು ಕಳೆದುಕೊಂಡ ಲೀಷನ್‌ಗಳನ್ನು ಕಾಂಟ್ರಾಸ್ಟ್ ತೋರಿಸಲಾರದು, ಟಿ2 ಹೋಲಿಕೆ ತೋರಿಸುತ್ತದೆ. ಇದನ್ನು ಮರೆತು ‘ಹೊಳಪಿಲ್ಲ, ಆದ್ದರಿಂದ ಚಟುವಟಿಕೆಯಿಲ್ಲ’ ಎಂದು ಬರೆದ ವರದಿ ರೋಗಿಗೆ ಹಾನಿ ಮಾಡುತ್ತದೆ.

ಹಂತ 1: ಸ್ಕ್ಯಾನ್‌ಗೆ ಮುನ್ನ

ಕೋರಿಕೆ ಪತ್ರದಲ್ಲಿ ‘ಎಂಎಸ್, ಮಿದುಳಿನ ಎಂಆರ್‌ಐ’ ಎಂದಷ್ಟೇ ಬರೆದರೆ ಸಾಲದು. ಕೇಳುತ್ತಿರುವ ಪ್ರಶ್ನೆ ಯಾವುದು? ಮೊದಲ ರೋಗನಿರ್ಣಯವೇ, ಹೊಸ ಲಕ್ಷಣವೇ, ವಾರ್ಷಿಕ ನಿಗಾವೇ, ಔಷಧ ಬದಲಿಸುವ ಮುನ್ನದ ಪರಿಶೀಲನೆಯೇ? ಈಗ ಯಾವ ಔಷಧ ನಡೆಯುತ್ತಿದೆ, ಎಂದಿನಿಂದ, ಹಿಂದಿನದನ್ನು ಎಂದು ನಿಲ್ಲಿಸಲಾಯಿತು ಎಂಬುದೂ ಇರಬೇಕು. ನಟಾಲಿಜುಮಾಬ್ ಅಥವಾ ಫಿಂಗೋಲಿಮಾಡ್ ಎಂಬ ಎಂಎಸ್ ಔಷಧವನ್ನು ನಿಲ್ಲಿಸಿದ ಕೆಲವು ತಿಂಗಳಲ್ಲಿ ರೋಗ ರಭಸದಿಂದ ಮರಳಬಹುದು. ಆ ದಿನಾಂಕ ಗೊತ್ತಿಲ್ಲದೆ ಚಿತ್ರ ಓದುವವರು ದಾರಿ ತಪ್ಪುತ್ತಾರೆ. ಇತ್ತೀಚೆಗೆ ಹೆರಿಗೆಯಾಗಿದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ಚಟುವಟಿಕೆ ಏರುವುದುಂಟು.

ಸ್ಟೀರಾಯ್ಡ್ ಕೊಟ್ಟ ದಿನಾಂಕವನ್ನು ನಾನು ಪ್ರತ್ಯೇಕವಾಗಿ ಒತ್ತಿ ಹೇಳುತ್ತೇನೆ. ಮರುಕಳಿಕೆಗೆ ರಕ್ತನಾಳದ ಮೂಲಕ ಕೊಡುವ ಮೀಥೈಲ್‌ಪ್ರೆಡ್ನಿಸೊಲೋನ್ ತಡೆಗೋಡೆಯನ್ನು ಬೇಗ ಬಿಗಿಗೊಳಿಸುತ್ತದೆ, ಕೆಲವೇ ದಿನಗಳಲ್ಲಿ ಹೊಳಪು ಅಡಗಿಹೋಗಬಹುದು. ಚಿಕಿತ್ಸೆ ನಿಜಕ್ಕೂ ತುರ್ತಾಗಿದ್ದರೆ ಸ್ಕ್ಯಾನ್‌ಗಾಗಿ ಅದನ್ನು ತಡೆಹಿಡಿಯಬಾರದು. ಆದರೆ ಅದೇ ದಿನ ಯಂತ್ರ ಸಿಗುವುದಾದರೆ ಸ್ಕ್ಯಾನ್ ಮೊದಲು, ಸ್ಟೀರಾಯ್ಡ್ ನಂತರ. ಸ್ಟೀರಾಯ್ಡ್ ಮುಗಿದ ಮೇಲೆ ತೆಗೆದ ಚಿತ್ರದಲ್ಲಿ ಹೊಳಪು ಇಲ್ಲವೆಂದರೆ, ರೋಗ ಸುಮ್ಮನಿತ್ತು ಎಂದು ಅರ್ಥವಲ್ಲ.

ಹಳೆಯ ಚಿತ್ರಗಳು ಕೈಯಲ್ಲಿರಲಿ. ಫಿಲ್ಮ್ ಹಾಳೆ ಅಥವಾ ವರದಿಯ ನಕಲಿನಿಂದ ಪ್ರಯೋಜನ ಕಡಿಮೆ. ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಸ್ಕ್ಯಾನ್‌ನ ಮೂಲ ಚಿತ್ರಗಳಿರುವ ಡೈಕಾಮ್ ಕಡತಗಳೇ ಬೇಕು. ರೋಗಿಗಳಿಗೆ ನನ್ನ ವಿನಂತಿ: ಪ್ರತಿ ಸ್ಕ್ಯಾನ್‌ನ ಕಡತವನ್ನು ಕೇಳಿ ಪಡೆದು ದಿನಾಂಕ ಬರೆದು ಇಟ್ಟುಕೊಳ್ಳಿ, ಊರು ಅಥವಾ ಆಸ್ಪತ್ರೆ ಬದಲಾದಾಗ ಜೊತೆಗೆ ಒಯ್ಯಿರಿ.

ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಲೋಹದ ಚೂರುಗಳ ವಿಚಾರಣೆ ಯಾವ ಎಂಆರ್‌ಐಗಾದರೂ ಇದ್ದದ್ದೇ.

ಹಂತ 2: ಕಾಂಟ್ರಾಸ್ಟ್ ಬೇಕೇ ಎಂದು ನಿರ್ಧರಿಸುವುದು

ಎಂಎಸ್ ಎಂದ ಕೂಡಲೇ ಪ್ರತಿ ಬಾರಿಯೂ ಗ್ಯಾಡೋಲಿನಿಯಂ ಕೊಡುವ ಅಭ್ಯಾಸ ಹಲವೆಡೆ ಇದೆ. ಅದು ಬೇಕಿಲ್ಲ. 2014ರಿಂದೀಚೆಗೆ ಪ್ರಕಟವಾದ ಅಧ್ಯಯನಗಳು, ಪದೇ ಪದೇ ಕಾಂಟ್ರಾಸ್ಟ್ ಪಡೆದವರ ಮಿದುಳಿನಲ್ಲಿ, ಮುಖ್ಯವಾಗಿ ಡೆಂಟೇಟ್ ನ್ಯೂಕ್ಲಿಯಸ್ ಮತ್ತು ಗ್ಲೋಬಸ್ ಪ್ಯಾಲಿಡಸ್ ಎಂಬ ಒಳಭಾಗಗಳಲ್ಲಿ, ಗ್ಯಾಡೋಲಿನಿಯಂ ಉಳಿದುಕೊಳ್ಳುವುದನ್ನು ತೋರಿಸಿವೆ. ಅದರಿಂದ ನರಗಳಿಗೆ ಹಾನಿಯಾಗುತ್ತದೆ ಎಂದು ಸಾಬೀತಾಗಿಲ್ಲ. ಆದರೂ ಹತ್ತಾರು ವರ್ಷ ಸ್ಕ್ಯಾನ್ ಮಾಡಿಸಿಕೊಳ್ಳಬೇಕಾದ ಎಳೆಯ ವಯಸ್ಸಿನವರಿಗೆ ಕಾರಣವಿಲ್ಲದೆ ಕೊಡುವುದು ಸಲ್ಲ. ಕೊಡಬೇಕಾದಾಗ, ಗ್ಯಾಡೋಲಿನಿಯಂ ಅನ್ನು ಗಟ್ಟಿಯಾಗಿ ಹಿಡಿದಿಡುವ ಮ್ಯಾಕ್ರೋಸೈಕ್ಲಿಕ್ ವರ್ಗದ ಕಾಂಟ್ರಾಸ್ಟ್ ಅನ್ನೇ ಆರಿಸಿ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಲೀನಿಯರ್ ವರ್ಗದ ಹಲವು ಕಾಂಟ್ರಾಸ್ಟ್‌ಗಳ ಬಳಕೆಯನ್ನು ಕಡಿತಗೊಳಿಸಿದ್ದು ಇದೇ ಕಾರಣಕ್ಕೆ.

ಮೊದಲ ರೋಗನಿರ್ಣಯದಲ್ಲಿ ಕಾಂಟ್ರಾಸ್ಟ್ ಬೇಕು. ಒಂದೇ ಸ್ಕ್ಯಾನ್‌ನಲ್ಲಿ ಹೊಳೆಯುವ ಲೀಷನ್ನೂ ಹೊಳೆಯದ ಲೀಷನ್ನೂ ಇದ್ದರೆ, ರೋಗ ಬೇರೆ ಬೇರೆ ಕಾಲದಲ್ಲಿ ದಾಳಿ ಮಾಡಿದೆ ಎಂಬುದಕ್ಕೆ ಎಂಎಸ್ ನಿರ್ಣಯಕ್ಕೆ ಬಳಸುವ 2017ರ ಮೆಕ್‌ಡೊನಾಲ್ಡ್ ಮಾನದಂಡದ ಪ್ರಕಾರ ಅದೇ ಪುರಾವೆ. ಹೋಲಿಸಲು ಹಳೆಯ ಸ್ಕ್ಯಾನ್ ಇಲ್ಲದಿದ್ದಾಗ, ಕಳೆದ ಕೆಲವು ವಾರಗಳ ಚಟುವಟಿಕೆ ಗೊತ್ತಾದರೆ ಮಾತ್ರ ಚಿಕಿತ್ಸೆ ನಿರ್ಧಾರವಾಗುವಾಗ, ಬೇರೆ ರೋಗದ ಸಂದೇಹವಿದ್ದಾಗಲೂ ಬೇಕು. ಟಿ2 ಕಲೆಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ಬಿಳಿ ಪಟ್ಟೆಗಳಾಗಿದ್ದರೆ ಹೊಸದು ಅದರೊಳಗೆ ಅಡಗುತ್ತದೆ. ಅಲ್ಲಿಯೂ ಕಾಂಟ್ರಾಸ್ಟ್ ನೆರವಾಗುತ್ತದೆ. ಇವು ಯಾವುವೂ ಇಲ್ಲದೆ, ಅದೇ ಬಗೆಯ ಚಿತ್ರಣದ ಒಳ್ಳೆಯ ಹಿಂದಿನ ಸ್ಕ್ಯಾನ್ ಇದ್ದು ಬರಿಯ ವಾರ್ಷಿಕ ನಿಗಾವಾದರೆ ಟಿ2 ಹೋಲಿಕೆಯೇ ಸಾಕು.

ಮೂತ್ರಪಿಂಡದ ಸೋಸುವಿಕೆಯ ಪ್ರಮಾಣ ನಿಮಿಷಕ್ಕೆ 30 ಮಿಲಿಲೀಟರ್‌ಗಿಂತ ಕಡಿಮೆ ಇರುವವರಿಗೆ ಕೊಡುವ ಮುನ್ನ ಎರಡು ಬಾರಿ ಯೋಚಿಸಬೇಕು. ಗರ್ಭಿಣಿಯರಿಗೆ, ಅನಿವಾರ್ಯವಲ್ಲದಿದ್ದರೆ, ಕೊಡುವುದಿಲ್ಲ. ಹಾಲೂಡಿಸುವ ತಾಯಿ ಇದಕ್ಕಾಗಿ ಹಾಲು ನಿಲ್ಲಿಸಬೇಕಾಗಿಲ್ಲ. ಎದೆಹಾಲಿಗೆ ಸೇರುವ ಪ್ರಮಾಣ ತೀರಾ ಅಲ್ಪ.

ಹಂತ 3: ಚಿತ್ರಣದ ಕ್ರಮ

ಯಂತ್ರ 1.5 ಅಥವಾ 3 ಟೆಸ್ಲಾದ್ದಾಗಿರಲಿ, ಆದರೆ ಒಬ್ಬ ರೋಗಿಗೆ ಸಾಧ್ಯವಾದಷ್ಟು ಪ್ರತಿ ಬಾರಿಯೂ ಅದೇ ಯಂತ್ರ, ಅದೇ ಕ್ರಮ. ಈ ವರ್ಷ 5 ಮಿಲಿಮೀಟರ್ ಹೋಳು, ಮುಂದಿನ ವರ್ಷ 1 ಮಿಲಿಮೀಟರ್ ಹೋಳು ತೆಗೆದರೆ, ಹಿಂದೆ ಹೋಳುಗಳ ನಡುವೆ ತಪ್ಪಿಸಿಕೊಂಡಿದ್ದ ಹಳೆಯ ಲೀಷನ್ ಹೊಸದೆಂದು ತೋರುತ್ತದೆ. ರೋಗ ಬದಲಾಗದೆ ಔಷಧ ಬದಲಾಗುವುದು ಹೀಗೆಯೇ.

ಎಲ್ಲಕ್ಕಿಂತ ಮುಖ್ಯವಾದದ್ದು ಮೂರು ಆಯಾಮದ ಫ್ಲೇರ್. ಎಲ್ಲ ದಿಕ್ಕಿನಲ್ಲೂ ಸುಮಾರು 1 ಮಿಲಿಮೀಟರ್ ಅಳತೆಯಲ್ಲಿ ತೆಗೆದರೆ ಯಾವ ಕೋನದಲ್ಲಿ ಬೇಕಾದರೂ ಮರುಜೋಡಿಸಿ ನೋಡಬಹುದು, ಹಳೆಯದರ ಮೇಲೆ ಸರಿಯಾಗಿ ಕೂರಿಸಬಹುದು. ಅದರ ಜೊತೆ ಅಡ್ಡ ಹೋಳಿನ ಟಿ2 ಇರಲಿ, ಏಕೆಂದರೆ ಮಿದುಳು ಕಾಂಡ ಮತ್ತು ಕಿರುಮಿದುಳಿನ ಭಾಗದಲ್ಲಿ ಫ್ಲೇರ್‌ನ ಕಣ್ಣು ತುಸು ಮಂದ. ಎರಡು ಆಯಾಮದ ಚಿತ್ರಗಳಾದರೆ ಹೋಳಿನ ದಪ್ಪ 3 ಮಿಲಿಮೀಟರ್ ಮೀರದಿರಲಿ, ನಡುವೆ ಅಂತರ ಬೇಡ. ಅಡ್ಡ ಹೋಳುಗಳನ್ನು, ಮಿದುಳಿನ ಎರಡು ಅರ್ಧಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್‌ನ ಕೆಳಅಂಚಿನ ಮುಂದಿನ ಮತ್ತು ಹಿಂದಿನ ತುದಿಗಳನ್ನು ಸೇರಿಸುವ ಗೆರೆಗೆ ಸಮಾನಾಂತರವಾಗಿ ಇಡಬೇಕು. ಆಗ ವರ್ಷದಿಂದ ವರ್ಷಕ್ಕೆ ಹೋಳುಗಳು ಹೊಂದಿಕೊಳ್ಳುತ್ತವೆ. ತಂತ್ರಜ್ಞರು ಈ ಗೆರೆ ಎಳೆಯಲು ಕೊಡುವ ಅರ್ಧ ನಿಮಿಷ ಓದುವ ವೈದ್ಯರ ಅರ್ಧ ಗಂಟೆಯನ್ನು ಉಳಿಸುತ್ತದೆ.

ಅಂಗಾಂಶದೊಳಗೆ ನೀರಿನ ಅಣುಗಳ ಚಲನೆಯನ್ನು ತೋರಿಸುವ ಡಿಫ್ಯೂಷನ್ ಚಿತ್ರ ಪಾರ್ಶ್ವವಾಯು ಮತ್ತು ಸೋಂಕುಗಳನ್ನು ಬೇರ್ಪಡಿಸಲು ಬೇಕು. ಹೊಸ ಎಂಎಸ್ ಲೀಷನ್‌ನ ಅಂಚಿನಲ್ಲಿಯೂ ಕೆಲವೊಮ್ಮೆ ಡಿಫ್ಯೂಷನ್ ತಗ್ಗಿರುತ್ತದೆ. ಹಾಗೆಂದು ಅದನ್ನು ಗ್ಯಾಡೋಲಿನಿಯಂಗೆ ಬದಲಿಯಾಗಿ ನೆಚ್ಚಿಕೊಳ್ಳುವಂತಿಲ್ಲ. ಕಾಂಟ್ರಾಸ್ಟ್ ಕೊಡುವುದಾದರೆ ಅದಕ್ಕೆ ಮುನ್ನ ಒಂದು ಟಿ1 ತೆಗೆದಿಡಿ. ಸಮಯ ಉಳಿಸಲು ಕೆಲವೆಡೆ ಇದನ್ನು ಬಿಟ್ಟುಬಿಡುತ್ತಾರೆ. ನಾನು ಬಿಡಬೇಡಿ ಎನ್ನುತ್ತೇನೆ, ಏಕೆಂದರೆ ಕೆಲವು ಹಳೆಯ ಲೀಷನ್‌ಗಳ ಅಂಚು ಕಾಂಟ್ರಾಸ್ಟ್ ಇಲ್ಲದೆಯೇ ಟಿ1ನಲ್ಲಿ ಬೆಳ್ಳಗಿರುತ್ತದೆ.

ಹಂತ 4: ಕಾಂಟ್ರಾಸ್ಟ್ ಕೊಟ್ಟು ಕಾಯುವುದು

ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.1 ಮಿಲಿಮೋಲ್. ಹೆಚ್ಚು ಕೊಟ್ಟರೆ ಇನ್ನಷ್ಟು ಲೀಷನ್ ಕಾಣಬಹುದೆಂಬ ಆಸೆಗೆ ಬಿದ್ದು ಎರಡು ಪಟ್ಟು ಕೊಡುವುದು ಬೇಡ.

ಕೊಟ್ಟ ಕೂಡಲೇ ಟಿ1 ತೆಗೆಯಬಾರದು. ಗೆಡ್ಡೆಗಳಂತೆ ಎಂಎಸ್ ಲೀಷನ್ ತಟ್ಟನೆ ಹೊಳೆಯುವುದಿಲ್ಲ, ಸೋರಿಕೆ ನಿಧಾನ. ಕನಿಷ್ಠ 5 ನಿಮಿಷ ಕಾಯಿರಿ, 10 ನಿಮಿಷವಾದರೆ ಉತ್ತಮ. ದಟ್ಟಣೆಯ ದಿನ ಈ ನಿಮಿಷಗಳೇ ಮೊದಲು ಕತ್ತರಿಗೆ ಸಿಗುತ್ತವೆ, ಸಣ್ಣ ಹೊಳಪುಗಳು ತಪ್ಪುವುದೂ ಆಗಲೇ. ಯಂತ್ರ ಸುಮ್ಮನಿರಬೇಕಾಗಿಯೂ ಇಲ್ಲ. ಕಾಂಟ್ರಾಸ್ಟ್ ಕೊಟ್ಟ ನಂತರ ಫ್ಲೇರ್ ಅಥವಾ ಟಿ2 ತೆಗೆಯಿರಿ, ಅದು ಮುಗಿಯುವಷ್ಟರಲ್ಲಿ ಟಿ1ಗೆ ಹೊತ್ತಾಗಿರುತ್ತದೆ. ಕಾಂಟ್ರಾಸ್ಟ್‌ನಿಂದ ಟಿ2 ಲೀಷನ್‌ಗಳ ಎಣಿಕೆಗೆ ತೊಂದರೆಯಿಲ್ಲ. ಮುಂದಿನ ವರ್ಷವೂ ಇದೇ ಅಂತರ ಇರಬೇಕಾದ್ದರಿಂದ ಎಷ್ಟು ನಿಮಿಷ ಕಾಯಲಾಯಿತು ಎಂದು ಬರೆದಿಡಿ.

ಹಂತ 5: ಹೊಳಪನ್ನು ಓದುವುದು

ಟಿ1ನಲ್ಲಿ ಬಿಳಿ ಚುಕ್ಕೆ ಕಂಡಿತು ಎನ್ನಿ. ಕೂಡಲೇ ಎಣಿಸಬೇಡಿ. ಅದೇ ಜಾಗವನ್ನು ಫ್ಲೇರ್‌ನಲ್ಲಿ ಹುಡುಕಿ. ನಿಜವಾದ ಎಂಎಸ್ ಹೊಳಪಿನ ಜಾಗದಲ್ಲಿ ಟಿ2 ಅಥವಾ ಫ್ಲೇರ್ ಕಲೆ ಇರಲೇಬೇಕು. ಇಲ್ಲದಿದ್ದರೆ ಅದು ಬಹುಪಾಲು ರಕ್ತನಾಳ ಅಥವಾ ಚಿತ್ರದೋಷ. ಬಳಿಕ ಕಾಂಟ್ರಾಸ್ಟ್‌ಗೆ ಮುಂಚಿನ ಟಿ1ನಲ್ಲಿ ಅದು ಬೆಳ್ಳಗಿರಲಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಕೊನೆಗೆ ಮೇಲಿನ, ಕೆಳಗಿನ ಹೋಳುಗಳಿಗೆ ಸರಿಯಿರಿ. ಚುಕ್ಕೆ ಗೆರೆಯಾಗಿ ಹರಿದುಹೋದರೆ ಅದು ನಾಳ.

ಒಂದು ಲೀಷನ್ ಅನ್ನು ಹತ್ತಿರದಿಂದ ನೋಡೋಣ. ಬಲ ಪಾರ್ಶ್ವಕುಹರದ (ಮಿದುಳಿನ ದ್ರವ ತುಂಬಿದ ಒಳಕೋಣೆ) ಪಕ್ಕದ ಬಿಳಿವಸ್ತುವಿನಲ್ಲಿ, ಹೊರಪದರದ ಕಡೆಗೆ ಚಾಚಿದ 12 ಮಿಲಿಮೀಟರ್ ಉದ್ದದ ಅಂಡಾಕಾರದ ಕಲೆ ಫ್ಲೇರ್‌ನಲ್ಲಿದೆ. ಅದರ ಉದ್ದ ಕುಹರದ ಗೋಡೆಗೆ ಲಂಬವಾಗಿದೆ, ಅಂದರೆ ಅಭಿಧಮನಿ ಸಾಗುವ ದಿಕ್ಕಿನಲ್ಲಿ. ಕಾಂಟ್ರಾಸ್ಟ್‌ಗೆ ಮುಂಚಿನ ಟಿ1ನಲ್ಲಿ ಅದು ತಿಳಿಬೂದು. ಕಾಂಟ್ರಾಸ್ಟ್ ನಂತರ ನಡುಭಾಗ ಬೂದಾಗಿಯೇ ಉಳಿದು ಸುತ್ತ ತೆಳ್ಳನೆಯ ಬಿಳಿ ಅಂಚು ಮೂಡಿದೆ, ಆದರೆ ಹೊರಪದರದ ಕಡೆ ಅದು ಮುರಿದ ಬಳೆಯಂತೆ ಬಾಯಿ ತೆರೆದಿದೆ. ಇದೇ ತೆರೆದ ಉಂಗುರ. ತೆರೆದ ಬಾಯಿ ಬೂದುವಸ್ತುವಿನ ಕಡೆಗಿದ್ದರೆ ಮಯಲಿನ್ ನಾಶದ ರೋಗವೆಂಬುದಕ್ಕೆ ಬಲವಾದ ಸುಳಿವು. ಬಾವು ಮತ್ತು ಗೆಡ್ಡೆಗಳಲ್ಲಿ ಉಂಗುರ ಸಾಮಾನ್ಯವಾಗಿ ಪೂರ್ತಿ ಮುಚ್ಚಿರುತ್ತದೆ. ಇದಕ್ಕಿಂತ ಚಿಕ್ಕ ಲೀಷನ್‌ಗಳು ಹೆಚ್ಚಾಗಿ ಇಡಿಯಾಗಿ, ಗುಂಡಗೆ ಹೊಳೆಯುತ್ತವೆ. ಆರು ತಿಂಗಳ ಬಳಿಕ ಇದೇ ಜಾಗ ಟಿ1ನಲ್ಲಿ ಕಪ್ಪಾಗಿದ್ದರೆ ಅದು ಕಾಯಂ ‘ಕಪ್ಪು ಕುಳಿ’, ಅಂಗಾಂಶ ನಷ್ಟದ ಗುರುತು. ಹೊಳೆಯುತ್ತಿರುವಾಗ ಕಾಣುವ ಕಪ್ಪು ಬರಿಯ ಊತದ್ದಾಗಿರಬಹುದು, ಆಗಲೇ ಕುಳಿ ಎಂದು ಬರೆಯುವುದು ಅವಸರ.

ಹೊಳಪು ಮೂರು ತಿಂಗಳಿಗೂ ಮಿಕ್ಕಿ ಉಳಿದಿದ್ದರೆ ಎಂಎಸ್ ಅಲ್ಲದ ಕಾರಣವನ್ನು ಹುಡುಕಬೇಕು. ಸಾರ್ಕಾಯ್ಡೋಸಿಸ್, ಲಿಂಫೋಮಾ, ಅಥವಾ ಮಿದುಳು ಕಾಂಡದ ಪಾನ್ಸ್ ಭಾಗದಲ್ಲಿ ಆಗಾಗ ಕಾಣುವ ನಿರುಪದ್ರವಿ ಕ್ಯಾಪಿಲರಿ ಟೆಲಾಂಜಿಯೆಕ್ಟೇಸಿಯಾ (ಹಿಗ್ಗಿದ ಸಣ್ಣ ರಕ್ತನಾಳಗಳ ಗುಂಪು) ಇರಬಹುದು. ಕೋರಾಯ್ಡ್ ಪ್ಲೆಕ್ಸಸ್, ಪಿಟ್ಯುಟರಿ, ಪೀನಿಯಲ್ ಗ್ರಂಥಿಗಳಿಗೆ ತಡೆಗೋಡೆಯೇ ಇಲ್ಲ, ಅವು ಎಂದಿಗೂ ಹೊಳೆಯುತ್ತವೆ. ಕಿರುಮಿದುಳಿನ ಪಕ್ಕದ ದೊಡ್ಡ ಸಿರೆಗಳ ಬಡಿತ ಚಿತ್ರದ ಮೇಲೆ ಅಡ್ಡಸಾಲಿನಲ್ಲಿ ಹುಸಿ ಚುಕ್ಕೆಗಳನ್ನು ಬಿಡಿಸುತ್ತದೆ.

ಹಂತ 6: ಟಿ2 ಹೋಲಿಕೆ

ಹಳೆಯದು ಮತ್ತು ಹೊಸದು, ಎರಡೂ ಫ್ಲೇರ್‌ಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಹೋಳಿಗೆ ಬೀಗ ಹಾಕಿ ಒಟ್ಟಿಗೆ ಸರಿಸಿ. ಪ್ರತಿ ಸಲವೂ ಒಂದೇ ಅನುಕ್ರಮದಲ್ಲಿ ನೋಡುವ ರೂಢಿ ಇರಲಿ: ಕುಹರಗಳ ಅಂಚು, ಕಾರ್ಪಸ್ ಕ್ಯಾಲೋಸಮ್, ಹೊರಪದರಕ್ಕೆ ತಾಗಿದ ಭಾಗ, ಕೊನೆಗೆ ಪಾನ್ಸ್, ಕಿರುಮಿದುಳಿನ ತೊಟ್ಟುಗಳು. ಹೊರಪದರಕ್ಕೆ ತಾಗಿದ ಸಣ್ಣ ಲೀಷನ್‌ಗಳೇ ಹೆಚ್ಚು ತಪ್ಪಿಹೋಗುತ್ತವೆ. ಕನಿಷ್ಠ 3 ಮಿಲಿಮೀಟರ್ ಉದ್ದವಿದ್ದರೆ ಮಾತ್ರ ಲೀಷನ್ ಎಂದು ಎಣಿಸುವುದು ಒಪ್ಪಿತ ಕ್ರಮ.

ಸಾಫ್ಟ್‌ವೇರ್ ಇದ್ದರೆ ಎರಡನ್ನೂ ಹೊಂದಿಸಿ ಒಂದರಿಂದ ಇನ್ನೊಂದನ್ನು ಕಳೆದ ಚಿತ್ರ ತೆಗೆಯಿರಿ. ಬದಲಾಗದ್ದೆಲ್ಲ ಅಳಿಸಿಹೋಗಿ ಹೊಸದು ಎದ್ದು ಕಾಣುತ್ತದೆ. ನೂರಾರು ಕಲೆಗಳ ನಡುವೆ ಬರಿಗಣ್ಣಿಗೆ ತಪ್ಪಿದ್ದು ಇಲ್ಲಿ ಸಿಗುತ್ತದೆ. ಆದರೆ ತಲೆ ಅಲುಗಿದ್ದರೆ ಅಂಚುಗಳುದ್ದಕ್ಕೂ ಹುಸಿ ಬಿಳಿ ಗೆರೆಗಳು ಬರುತ್ತವೆ, ಆದ್ದರಿಂದ ಪ್ರತಿಯೊಂದನ್ನೂ ಮೂಲ ಚಿತ್ರದಲ್ಲಿ ಮರುಪರೀಕ್ಷಿಸಬೇಕು. ‘ದೊಡ್ಡದಾಗಿದೆ’ ಎಂಬ ತೀರ್ಪಿನಲ್ಲಿ ಬಿಗಿಯಾಗಿರಿ. ಒಂದೇ ಹೋಳಿನಲ್ಲಿ ತುಸು ಅಗಲವಾದಂತೆ ಕಂಡರೆ ಸಾಲದು, ಎಲ್ಲ ಕೋನಗಳಲ್ಲೂ ನಿಸ್ಸಂಶಯವಾಗಿ ಬೆಳೆದಿರಬೇಕು.

ಯಾವುದರೊಡನೆ ಹೋಲಿಸುವುದು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಔಷಧ ಆರಂಭಿಸುವ ಮುನ್ನ ತೆಗೆದ ಸ್ಕ್ಯಾನ್‌ನೊಡನೆ ಹೋಲಿಸಿ ‘ಎರಡು ಹೊಸ ಲೀಷನ್, ಔಷಧ ಸೋತಿದೆ’ ಎನ್ನುವುದು ಅನ್ಯಾಯ. ಆ ಎರಡೂ ಔಷಧ ಕೆಲಸ ಮಾಡಲು ತೊಡಗುವ ಮೊದಲೇ ಹುಟ್ಟಿರಬಹುದು. ಆದ್ದರಿಂದ ಔಷಧ ಆರಂಭಿಸಿದ ಮೂರರಿಂದ ಆರು ತಿಂಗಳಿಗೆ ಹೊಸ ಬುನಾದಿ ಸ್ಕ್ಯಾನ್ ತೆಗೆದು, ಅಲ್ಲಿಂದ ಮುಂದಿನ ಎಣಿಕೆ ಶುರುಮಾಡಬೇಕು. ನಿಧಾನವಾಗಿ ಪರಿಣಾಮ ತೋರುವ ಔಷಧವಾದರೆ ಇನ್ನಷ್ಟು ತಡವಾಗಿ.

ಬೆನ್ನುಹುರಿ ಮತ್ತು ದೃಷ್ಟಿನರ

ಮೊದಲ ರೋಗನಿರ್ಣಯದಲ್ಲಿ ಬೆನ್ನುಹುರಿಯನ್ನೂ ತೆಗೆಯುವುದು ಒಳ್ಳೆಯದು. ವಾರ್ಷಿಕ ನಿಗಾದಲ್ಲಿ ಎಲ್ಲರಿಗೂ ಬೇಕಿಲ್ಲ. ಕಾಲು, ಮೂತ್ರ ಸಂಬಂಧಿ ಹೊಸ ತೊಂದರೆಗೆ ಮಿದುಳಿನಲ್ಲಿ ಕಾರಣ ಸಿಗದಿದ್ದರೆ ಬೇಕೇ ಬೇಕು. ಉದ್ದ ಹೋಳಿನಲ್ಲಿ ಟಿ2 ಮಾತ್ರ ನೆಚ್ಚಬೇಡಿ, ಸ್ಟಿರ್ ಅಥವಾ ಪ್ರೋಟಾನ್ ಡೆನ್ಸಿಟಿ ಬಗೆಯ ಚಿತ್ರವನ್ನೂ ಸೇರಿಸಿ. ಎರಡರಲ್ಲೂ ಕಂಡರೆ ನಂಬಬಹುದು. ಎಂಎಸ್ ಲೀಷನ್ ಬೆನ್ನುಹುರಿಯ ಅಂಚಿನಲ್ಲಿ, ಹೆಚ್ಚಾಗಿ ಹಿಂಬದಿ ಅಥವಾ ಪಕ್ಕದಲ್ಲಿರುತ್ತದೆ. ಉದ್ದ ಸಾಮಾನ್ಯವಾಗಿ ಎರಡು ಕಶೇರುಮಣಿಗಳಿಗಿಂತ ಕಡಿಮೆ. ಮೂರು ಅಥವಾ ಹೆಚ್ಚು ಮಣಿಗಳಷ್ಟು ಉದ್ದವಿದ್ದರೆ ಎಂಎಸ್ ಅನ್ನು ಹೋಲುವ ನ್ಯೂರೋಮಯಲೈಟಿಸ್ ಆಪ್ಟಿಕಾ ಅಥವಾ ಮಾಗ್ ಪ್ರತಿಕಾಯದ ರೋಗವನ್ನು ನೆನೆಯಿರಿ, ರಕ್ತಪರೀಕ್ಷೆ ಸೂಚಿಸಿ. ನ್ಯೂರೋಮಯಲೈಟಿಸ್‌ಗೆ ಎಂಎಸ್‌ನ ಕೆಲವು ಔಷಧಗಳನ್ನು ಕೊಟ್ಟರೆ ರೋಗ ಉಲ್ಬಣಿಸುವುದುಂಟು, ಈ ಬೇರ್ಪಡಿಕೆ ಅಷ್ಟು ಮುಖ್ಯ.

ದೃಷ್ಟಿನರದ ಉರಿಯೂತಕ್ಕೆ ಕೊಬ್ಬಿನ ಹೊಳಪನ್ನು ಅಡಗಿಸಿದ ಟಿ2 ಮತ್ತು ಕಾಂಟ್ರಾಸ್ಟ್ ನಂತರದ ಟಿ1 ಬೇಕು. ಇಲ್ಲದಿದ್ದರೆ ಕಣ್ಣುಗುಳಿಯ ಕೊಬ್ಬಿನ ಬಿಳುಪಿನಲ್ಲಿ ನರ ಮುಚ್ಚಿಹೋಗುತ್ತದೆ. 2024ರ ಪರಿಷ್ಕೃತ ಮೆಕ್‌ಡೊನಾಲ್ಡ್ ಮಾನದಂಡ ದೃಷ್ಟಿನರವನ್ನು ಲೀಷನ್ ಹುಡುಕುವ ಐದನೆಯ ತಾಣವಾಗಿ ಸೇರಿಸಿಕೊಂಡಿದೆ.

ಹೊಳೆಯದೆಯೂ ಹೊಗೆಯಾಡುವ ಲೀಷನ್‌ಗಳು

ತಡೆಗೋಡೆ ಮುಚ್ಚಿಕೊಂಡ ಮೇಲೂ ಕೆಲವು ಲೀಷನ್‌ಗಳ ಅಂಚಿನಲ್ಲಿ ಕಬ್ಬಿಣ ತುಂಬಿದ ಮೈಕ್ರೋಗ್ಲಿಯಾ ಎಂಬ ಮಿದುಳಿನ ರೋಗನಿರೋಧಕ ಕಣಗಳು ಉರಿಯೂತವನ್ನು ಉಳಿಸಿಕೊಂಡಿರುತ್ತವೆ. ಗ್ಯಾಡೋಲಿನಿಯಂ ಇವನ್ನು ತೋರಿಸದು. ಕಬ್ಬಿಣವನ್ನು ಗ್ರಹಿಸುವ ಎಸ್‌ಡಬ್ಲ್ಯುಐ ಬಗೆಯ ಚಿತ್ರದಲ್ಲಿ, ಮುಖ್ಯವಾಗಿ 3 ಟೆಸ್ಲಾದಲ್ಲಿ, ಲೀಷನ್‌ನ ಸುತ್ತ ತೆಳು ಕಪ್ಪು ಅಂಚಾಗಿ ಕಾಣುತ್ತವೆ. ಇಂಥ ಅಂಚು ಹೆಚ್ಚಿದ್ದವರಲ್ಲಿ ಅಂಗವೈಕಲ್ಯ ಮುಂದುವರಿಯುವ ಸಾಧ್ಯತೆ ಹೆಚ್ಚು. ಅದೇ ಚಿತ್ರದಲ್ಲಿ ಲೀಷನ್‌ನ ನಡುವೆ ಹಾದುಹೋಗುವ ಸಣ್ಣ ಅಭಿಧಮನಿಯೂ ಕಾಣಬಹುದು. ವಯಸ್ಸು, ರಕ್ತದೊತ್ತಡ, ಮೈಗ್ರೇನ್‌ನಿಂದ ಬರುವ ಕಲೆಗಳಿಂದ ಎಂಎಸ್ ಅನ್ನು ಬೇರ್ಪಡಿಸಲು ಅದು ಬಹಳ ಉಪಯುಕ್ತ. 2024ರ ಮಾನದಂಡ ಈ ಎರಡು ಗುರುತುಗಳಿಗೂ ಸ್ಥಾನ ಕೊಟ್ಟಿದೆ. ಚಿಕಿತ್ಸೆ ಬದಲಿಸಲು ಕಪ್ಪು ಅಂಚೊಂದನ್ನೇ ಆಧಾರ ಮಾಡಿಕೊಳ್ಳುವ ಕಾಲ ಇನ್ನೂ ಬಂದಿಲ್ಲ. ಕಂಡರೆ ವರದಿಯಲ್ಲಿ ದಾಖಲಿಸಿ.

ಹಂತ 7: ವರದಿ ಮತ್ತು ಮುಂದಿನ ಸ್ಕ್ಯಾನ್

‘ಕೆಲವು ಲೀಷನ್‌ಗಳು ಹೆಚ್ಚಿದಂತಿವೆ’ ಎಂಬ ವಾಕ್ಯ ಯಾರಿಗೂ ಉಪಯೋಗವಿಲ್ಲ. ಯಾವ ದಿನಾಂಕದ ಸ್ಕ್ಯಾನ್‌ನೊಡನೆ ಹೋಲಿಸಲಾಯಿತು, ಹೊಳೆಯುವ ಲೀಷನ್‌ಗಳು ಎಷ್ಟು, ಹೊಸ ಟಿ2 ಲೀಷನ್‌ಗಳು ಎಷ್ಟು, ದೊಡ್ಡದಾದವು ಎಷ್ಟು, ಎಲ್ಲಿ ಎಂಬುದನ್ನು ಸಂಖ್ಯೆಯಲ್ಲಿ ಬರೆಯಿರಿ. ಹೊಸದಾಗಿದ್ದು ಹೊಳೆಯುತ್ತಲೂ ಇರುವ ಲೀಷನ್ ಅನ್ನು ಎರಡು ಸಲ ಎಣಿಸಬೇಡಿ. ಚಿತ್ರಣದ ಕ್ರಮ ಬದಲಾಗಿದ್ದರೆ, ಸ್ಟೀರಾಯ್ಡ್ ನಡೆಯುತ್ತಿದ್ದರೆ ಅದನ್ನೂ ನಮೂದಿಸಿ. ರೋಗಿಗಳು ಒಂದು ಮಾತು ತಿಳಿದಿರಲಿ: ಲೀಷನ್ ಸಂಖ್ಯೆಗೂ ನಡೆಯುವ, ನೋಡುವ ಶಕ್ತಿಗೂ ನೇರ ಲೆಕ್ಕವಿಲ್ಲ. ಮಿದುಳು ಕಾಂಡದ ಒಂದು ಸಣ್ಣ ಕಲೆ ತುಂಬ ಕಾಡಬಹುದು, ಬಿಳಿವಸ್ತುವಿನ ಹತ್ತು ಕಲೆಗಳು ಸದ್ದಿಲ್ಲದೆ ಇರಬಹುದು. ವರದಿಯನ್ನು ಒಬ್ಬರೇ ಕೂತು ಓದಿ ಹೆದರುವ ಬದಲು ನಿಮ್ಮ ನರರೋಗ ತಜ್ಞರೊಡನೆ ಚಿತ್ರಗಳನ್ನೇ ತೆರೆದು ನೋಡಿ.

ಸ್ಥಿರವಾಗಿರುವವರಿಗೆ ವರ್ಷಕ್ಕೊಂದು ಸ್ಕ್ಯಾನ್ ಸಾಮಾನ್ಯ ಕ್ರಮ. ನಟಾಲಿಜುಮಾಬ್ ಪಡೆಯುತ್ತಿದ್ದು ರಕ್ತದಲ್ಲಿ ಜೆಸಿ ವೈರಸ್ ಪ್ರತಿಕಾಯ ಹೆಚ್ಚಿರುವವರಿಗೆ, ಅದರಲ್ಲೂ ಒಂದೂವರೆ ವರ್ಷ ಮೀರಿದವರಿಗೆ, ಮೂರು–ನಾಲ್ಕು ತಿಂಗಳಿಗೊಮ್ಮೆ ಫ್ಲೇರ್, ಟಿ2, ಡಿಫ್ಯೂಷನ್‌ಗಳ ಚುಟುಕು ಸ್ಕ್ಯಾನ್ ಬೇಕು. ಇಲ್ಲಿ ಹುಡುಕುವುದು ಎಂಎಸ್ ಚಟುವಟಿಕೆಯನ್ನಲ್ಲ, ಆ ವೈರಸ್‌ನಿಂದ ಬರುವ ಪಿಎಂಎಲ್ ಎಂಬ ಮಿದುಳಿನ ಸೋಂಕನ್ನು. ಅದರ ಕಲೆ ಹೊರಪದರದ ಕಡೆ ಚೂಪಾದ ಗಡಿ, ಬಿಳಿವಸ್ತುವಿನ ಕಡೆ ಮಸುಕಾದ ಗಡಿ ಹೊಂದಿರುತ್ತದೆ, ಡಿಫ್ಯೂಷನ್‌ನಲ್ಲಿ ಅಂಚು ಬೆಳಗುತ್ತದೆ, ಸುತ್ತ ಸಣ್ಣ ಚುಕ್ಕೆಗಳಿರಬಹುದು, ಹೊಳಪು ಇಲ್ಲದೆಯೂ ಇರಬಹುದು. ಅಂಥ ಸಂದೇಹ ಬಂದ ಗಳಿಗೆಯಲ್ಲೇ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಫೋನ್ ಮಾಡಿ ತಿಳಿಸಬೇಕು. ಮುಂದಿನ ಡೋಸ್ ತಡೆಯುವ ನಿರ್ಧಾರ ಮುದ್ರಿತ ವರದಿ ಅವರ ಮೇಜು ಸೇರುವವರೆಗೆ ಕಾಯಬಾರದು.